ಒಂದು ಬಟನ್ ಅಂತೆ

ಒಂದು ಬಟನ್ ಒತ್ತಿದ್ದರೆ ಸಾಕಿತ್ತಂತೆ. ಇದನ್ನು ಈಗ ಹೇಳುತ್ತಾರೆ! ಡೆಮಾಲಿಷನ್ ಡರ್ಬಿಯಲ್ಲಿ, ಅಂದರೆ ಹಳೇ ಕಾರುಗಳು ಒಂದಕ್ಕೊಂದು ಗುದ್ದಾಡುವ ಪಂದ್ಯದಲ್ಲಿ, ಟ್ರ್ಯಾಕ್ಟರ್ ಬಂದು ನನ್ನ ಕಾರನ್ನು ಸತ್ತ ಎಮ್ಮೆ ಥರ ಎಳೆದು ಹಾಕಿದ ಮೇಲೆ.

ನಾನೇನು ಕಡಿಮೆ ಮಾಡಿದ್ದೆ? ಆರು ವಾರ ಗರಾಜಿನಲ್ಲೇ ಬಿದ್ದಿದ್ದೆ. ಗಾಜೆಲ್ಲ ಕಿತ್ತೆ. ಹಳೇ ಪೆಟ್ರೋಲ್ ಟ್ಯಾಂಕ್ ಇಳಿಸಿ, ದೋಣಿಗೆ ಹಾಕುವ ಪುಟ್ಟ ಟ್ಯಾಂಕನ್ನು ಹಿಂದಿನ ಸೀಟಿದ್ದ ಜಾಗದಲ್ಲಿ ಬಿಗಿದೆ. ಬ್ಯಾಟರಿಯನ್ನು ಒಳಗೆ ತಂದು ರಬ್ಬರ್ ಮ್ಯಾಟ್ ಹೊದಿಸಿದೆ. ಇಂಜಿನ್ನಿಗೆ ಪೆಟ್ರೋಲ್ ತಳ್ಳಲು ಮೊದಲು ಅಗ್ಗದ ಪಂಪ್ ತಂದು ಎರಡು ಭಾನುವಾರ ಹಾಳು ಮಾಡಿಕೊಂಡೆ. ಅದು ಹಳೇ ಕಾಲದ ಕಾರ್ಬುರೇಟರ್ ಗಾಡಿಯದ್ದು, 6-7 ಪಿಎಸ್‌ಐ ಒತ್ತಡ ಅಷ್ಟೇ ಕೊಡೋದು. ಇಂಜೆಕ್ಷನ್ ಇಂಜಿನ್ನಿಗೆ 50ರ ಹತ್ತಿರ ಬೇಕು. ಸ್ಟಾರ್ಟರ್ ತಿರುಗಿದ್ದೇ ತಿರುಗಿದ್ದು. ಎರಡನೇ ಪಂಪ್ ಹಾಕಿ ಕೀ ತಿರುಗಿಸಿದಾಗ ಹಿಂದೆ ಝುಂಯ್ ಅಂದಿತು ನೋಡಿ, ಮನೆಯವಳನ್ನು ಕರೆದು ಆ ಸದ್ದು ಕೇಳಿಸಿದೆ!

ಇವತ್ತು ಸಂಜೆ ಕೌಂಟಿ ಫೇರ್, ಇಲ್ಲಿ ಅಮೆರಿಕದ ಜಿಲ್ಲಾ ಜಾತ್ರೆ ಅನ್ನಿ, ಅಲ್ಲೇ ಡರ್ಬಿ. ಒಹಾಯೊದ ಅರ್ಧ ಜನ ಅಲ್ಲೇ ಇದ್ದಂತಿತ್ತು. ಹತ್ತರಿಂದ ಒಂದರವರೆಗೆ ಎಣಿಸಿದರು, ಹಸಿರು ಬಾವುಟ ಬಿತ್ತು, ರಿವರ್ಸ್ ಹಾಕಿದೆ. ಮೊದಲನೇ ಗುದ್ದು. ಅದೂ ನಾನು ಹೊಡೆದದ್ದಲ್ಲ, ತಿಂದದ್ದು. ಇಂಜಿನ್ ಒಮ್ಮೆ ಕೆಮ್ಮಿ ನಿಂತಿತು. ಪಂಪ್ ಸ್ವಿಚ್ಚನ್ನು ಹತ್ತು ಸಲ ಒತ್ತಿದೆ. ಝುಂಯ್ ಇಲ್ಲ. ಒಂದು ನಿಮಿಷದೊಳಗೆ ಯಾರಿಗಾದರೂ ಗುದ್ದದಿದ್ದರೆ ಔಟ್. ಬಾವುಟದವನು ನನ್ನ ಕಡೆ ಕೈ ತೋರಿಸಿ, ಕಡ್ಡಿ ಮುರಿ ಅಂತ ಸನ್ನೆ ಮಾಡಿದ. ಸೋತೆ ಅಂತ ಕಿಟಕಿ ಪಕ್ಕದ ಕಡ್ಡಿಯನ್ನು ನಾವೇ ಮುರಿಯಬೇಕು. ಮಗಳು ಅದಕ್ಕೆ ಹಳದಿ ಕೆಂಪು ಬಣ್ಣ ಬಳಿದಿದ್ದಳು. ಕಿತ್ತು ಹೋಗದಿರಲಿ ಅಂತ ನಾನು ಮೂರು ಸುತ್ತು ಟೇಪ್ ಸುತ್ತಿದ್ದೆ. ಹಾಳಾದ್ದು ಮುರಿಯಲೂ ಇಲ್ಲ! ಒಂದು ಕೈಯಲ್ಲಿ ಎಳೆದೆ, ಬಾಗಿತು. ಎರಡು ಕೈ ಹಾಕಿದೆ. ಹೆಲ್ಮೆಟ್ ಕಣ್ಣಿನ ಮೇಲೆ ಜಾರಿತು. ಜನ ನಗುತ್ತಿದ್ದರು. ಕೊನೆಗೆ ಟಕ್ ಅಂದಾಗ ಚಪ್ಪಾಳೆ ಬೇರೆ. ಕರ್ಣನ ರಥ ಹೂತದ್ದಾದರೂ ಶಾಪದಿಂದ. ನನ್ನ ರಥ ಗಟ್ಟಿ ನೆಲದ ಮೇಲೆ ಸುಮ್ನೆ ನಿಂತಿತ್ತು.

ಆಮೇಲೆ ಪಕ್ಕದ ಕಾರಿನವನು ಬಂದ. ಪ್ಯಾಸೆಂಜರ್ ಕಾಲಿಡುವ ಜಾಗದ ಬದಿಗೆ ಕೈ ತೂರಿಸಿ ಏನೋ ಒತ್ತಿದ. ಝುಂಯ್! ಹಳೇ ಫೋರ್ಡ್ ಫೋಕಸ್‌ಗಳಲ್ಲಿ ಅಲ್ಲೊಂದು ಸ್ವಿಚ್ ಇರುತ್ತದಂತೆ. ಗುದ್ದು ಬಿದ್ದ ಕೂಡಲೇ ಬೆಂಕಿ ಹತ್ತದಿರಲಿ ಅಂತ ಪಂಪ್ ನಿಲ್ಲಿಸುತ್ತದೆ. ಸರಿ, ಅದರ ಕೆಲಸ ಅದು ಮಾಡಿದೆ. ಹೊಸ ಪಂಪಿಗೆ ಆ ಸ್ವಿಚ್ ಮೂಲಕ ಬರುವ ಹಳೇ ವೈರನ್ನೇ ಜೋಡಿಸಿದ ಬುದ್ಧಿವಂತ ನಾನೇ ಅಲ್ವಾ? ಆದರೂ ಕೇಳುತ್ತೇನೆ. ಪಂದ್ಯಕ್ಕೆ ಮುಂಚೆ ಕಾರು ತಪಾಸಣೆ ಮಾಡಿದವನು ಬ್ಯಾಟರಿ ಅಲ್ಲಾಡಿಸಿ ಅಲ್ಲಾಡಿಸಿ ನೋಡಿದ. ಈ ಒಂದು ಮಾತು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಯಾರಾದರೂ ಉತ್ತರ ಕೊಡಿ. ಬೇಡ ಬಿಡಿ, ಅದು ಅವನ ಕೆಲಸವೂ ಅಲ್ಲ.

ಇನ್ನು ಡರ್ಬಿ ಸಹವಾಸ ಸಾಕು. ಕನ್ನಡ ಕೂಟದ ಗ್ರೂಪಿಗೆ ಆಗಲೇ ವಿಡಿಯೊ ಹೋಗಿದೆ, ಹಾಕಿದ್ದು ಮನೆಯವಳೇ. "ರೀ, ನಾಳೆನೇ ಇದನ್ನ ಗುಜರಿಗೆ ಕಳ್ಸಿ" ಅಂದಳು. ಹೂಂ ಅಂದೆ. ಆಮೇಲೆ ಗರಾಜಿಗೆ ಹೋಗಿ ಇನ್ನೊಮ್ಮೆ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ದರಿದ್ರದ್ದು.