ಹನ್ನೆರಡನೆಯ ಕುರ್ಚಿ

ಹಿಮ್ಮಡಿ ಒಡೆದ ಗಂಡಸು ಬೇಕಾದರೆ ಸ್ವರ್ಗಕ್ಕೆ ಹೋಗಲಿ, ಈಸ್ಟರ್‌ಗೆ ಮೊದಲು ಬರುವ ಪವಿತ್ರ ಗುರುವಾರದ ಪೂಜೆಯಲ್ಲಿ ಮಾತ್ರ ಎಲ್ಲರ ಮುಂದೆ ಕಾಲು ಚಾಚಿ ಕೂರಬಾರದು. ಇದು ನನ್ನ ಹೆಂಡತಿಯ ನಂಬಿಕೆ. ಧರ್ಮೋಪದೇಶದ ಯಾವ ಪುಸ್ತಕದಲ್ಲೂ ಈ ಮಾತಿಲ್ಲ. ಆದರೂ 2024ರ ಮಾರ್ಚ್ ಕೊನೆಯ ವಾರ ಮೈಸೂರಿನ ನಮ್ಮ ಮನೆಯಲ್ಲಿ ನಡೆದದ್ದು ಇದೇ ಕಾನೂನು.

ಕಥೆ ಶುರುವಾದದ್ದು ಅದಕ್ಕೂ ಆರು ವಾರ ಮೊದಲು, ಕಾಫಿಯಿಂದ.

ಆ ವರ್ಷ, ಈಸ್ಟರ್‌ಗೆ ಮುಂಚಿನ ನಮ್ಮ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಫೆಬ್ರವರಿ 14ಕ್ಕೆ ಬಿದ್ದಿತ್ತು. ಊರಿಗೆಲ್ಲ ಗುಲಾಬಿ ಹೂ, ನಮಗೆ ಹಣೆಯ ಮೇಲೆ ಬೂದಿ. ಮದುವೆಯಾಗಿ ಹದಿನೆಂಟು ವರ್ಷವಾದ ಗಂಡನಿಗೆ ಇದಕ್ಕಿಂತ ಅನುಕೂಲದ ವ್ಯಾಲೆಂಟೈನ್ಸ್ ಡೇ ಸಿಗುವುದಿಲ್ಲ. ಉಡುಗೊರೆ ಯಾಕಿಲ್ಲ ಅಂತ ಕೇಳಿದರೆ ಹಣೆ ತೋರಿಸಿದರಾಯಿತು. 'ನೀನು ಮಣ್ಣು, ಮಣ್ಣಿಗೇ ಮರಳುವೆ' ಎಂದು ಬೆಳಿಗ್ಗೆ ತಾನೇ ಫಾದರ್ ನೆನಪಿಸಿರುತ್ತಾರೆ. ಅಂಥ ದಿನ ಚಾಕೊಲೇಟ್ ಕೇಳುವ ಧೈರ್ಯ ಯಾರಿಗಿದೆ?

ಆ ಬೂದಿಯ ವಿಷಯದಲ್ಲೂ ನನ್ನದೊಂದು ತಪ್ಪಿತ್ತು. ಹಿಂದಿನ ವರ್ಷ, ಈಸ್ಟರ್‌ಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರ ಮನೆಗೆ ತಂದ ಗರಿಗಳನ್ನು ಸುಟ್ಟೇ ಈ ಬೂದಿ ಮಾಡುವುದು. ನಮ್ಮ ಕಡೆ ತೆಂಗಿನ ಗರಿ. ವರ್ಷವಿಡೀ ಅದು ದೇವರ ಪಟದ ಹಿಂದೆ ಸಿಕ್ಕಿಸಿಕೊಂಡು ಒಣಗುತ್ತದೆ. ಬೂದಿ ಬುಧವಾರ ಹತ್ತಿರ ಬಂದಾಗ ಚರ್ಚಿಗೆ ವಾಪಸ್ ಕೊಡಬೇಕು. ಅಮ್ಮ ಪಟದ ಹಿಂದೆ ಕೈ ಹಾಕಿ ನೋಡಿದರು. ಗರಿ ಇಲ್ಲ. ಹಲ್ಲಿ ಓಡಿಸಲು ನಾನದನ್ನು ಜುಲೈನಲ್ಲೇ ತೆಗೆದಿದ್ದೆ. ಸುಳ್ಳು ಹೇಳುವುದು ಬೇಡವೆಂದು ನಿಜವನ್ನೇ ಹೇಳಿದೆ. ಅಮ್ಮ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಹಲ್ಲಿಯೇನೋ ಇನ್ನೂ ಆರಾಮಾಗಿದೆ.

ಆಫೀಸಿಗೆ ಹೋಗುವಷ್ಟರಲ್ಲಿ ಬೆವರಿಗೆ ಹಣೆಯ ಶಿಲುಬೆ ಕರಗಿ ಅಡ್ಡಡ್ಡ ಹರಡಿತ್ತು. ಕ್ಯಾಂಟೀನಿನವನು ಭಕ್ತಿಯಿಂದ ನೋಡಿ, "ಶಿವರಾತ್ರಿಗೆ ಇನ್ನೂ ಮೂರು ವಾರ ಇದೆಯಲ್ವಾ ಸಾರ್, ಈಗಲೇ ಶುರು ಮಾಡಿದ್ರಾ?" ಅಂದ. ಹೌದಪ್ಪ, ನಮ್ಮದು ಸ್ವಲ್ಪ ಉದ್ದದ ಶಿವರಾತ್ರಿ ಅಂದೆ. ಅಭ್ಯಾಸದಂತೆ ಕಾಫಿ ಲೋಟ ಮುಂದಿಟ್ಟ. ಬೇಡ ಎಂದೆ. ಬೇರೆ ಹಾಲಲ್ಲಿ ಮಾಡಿಕೊಡಲಾ ಅಂತ ಗಾಬರಿಯಿಂದ ಕೇಳಿದ.

ತಪಸ್ಸುಕಾಲದಲ್ಲಿ ಇಷ್ಟವಾದದ್ದೊಂದನ್ನು ಬಿಡುವುದು ನಮ್ಮಲ್ಲಿ ರೂಢಿ. ಹಿಂದಿನ ರಾತ್ರಿ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಒಬ್ಬೊಬ್ಬರೇ ಘೋಷಣೆ ಮಾಡಿದ್ದೆವು. ಮಗನಿಗೆ ಹದಿನೈದು, ಮೊಬೈಲ್ ಗೇಮ್ ಬಿಟ್ಟ. ಪರೀಕ್ಷೆ ಹತ್ತಿರವಿತ್ತು, ಹೇಗೂ ಕಿತ್ತುಕೊಳ್ಳುವವರಿದ್ದೆವು. ಹತ್ತು ವರ್ಷದ ಮಗಳು ಹಾಗಲಕಾಯಿ ಬಿಡುತ್ತೇನೆ ಎಂದಳು. ಅದನ್ನು ತಳ್ಳಿಹಾಕಿದ ಮೇಲೆ ಐಸ್‌ಕ್ರೀಮ್ ಬಿಟ್ಟಳು. ಹೆಂಡತಿ ಸೀರಿಯಲ್ ಬಿಟ್ಟಳು. ಮನೆಯ ಯಜಮಾನ, ಎಲ್ಲರಿಗಿಂತ ದೊಡ್ಡದನ್ನು ಬಿಡಬೇಕಲ್ಲ ಎಂಬ ಜಂಬದಲ್ಲಿ ನಾನು ಕಾಫಿ ಅಂದುಬಿಟ್ಟೆ. ಮನೆಯಲ್ಲಿ ಒಂದು ನಿಮಿಷ ಮೌನ. ಅಮ್ಮ ಶಿಲುಬೆಯ ಗುರುತು ಹಾಕಿಕೊಂಡರು.

ದಿನಕ್ಕೆ ಐದು ಲೋಟ ಕುಡಿಯುತ್ತಿದ್ದವನು ನಾನು. ಮೂರನೇ ದಿನಕ್ಕೆ ತಲೆ ಸಿಡಿಯತೊಡಗಿತು. ಚಪ್ಪಲಿ ಸಾಲಾಗಿ ಇಟ್ಟಿಲ್ಲ ಅಂತ ಕೂಗಾಡಿದೆ. ಚಪ್ಪಲಿ ಸಾಲಾಗಿ ಇಟ್ಟರೆ, ಇವತ್ತೇನು ವಿಶೇಷ ಅಂತ ಕೂಗಾಡಿದೆ. ಸಂಜೆ ಜಪಸರದಲ್ಲಿ ಮಕ್ಕಳು ತಮ್ಮ ತಮ್ಮ ಬೇಡಿಕೆ ಜೋರಾಗಿ ಹೇಳುವ ಪದ್ಧತಿ. ಮಗಳು ಕಣ್ಣು ಮುಚ್ಚಿ, "ಯೇಸುಸ್ವಾಮಿ, ಅಪ್ಪನಿಗೆ ಕೋಪ ಕಡಿಮೆ ಮಾಡು, ಇಲ್ಲಾಂದ್ರೆ ಕಾಫಿ ಕೊಡು" ಎಂದು ಬೇಡಿಕೊಂಡಳು. ಉಳಿದವರೆಲ್ಲ ಎಂದಿಗಿಂತ ಜೋರಾಗಿ ಆಮೆನ್ ಅಂದರು.

ಹೆಂಡತಿ ಒಂದೇ ಮಾತಲ್ಲಿ ಮುಗಿಸಿದಳು. "ಕಾಫಿ ಬಿಟ್ಟಿದ್ದು ನೀವು ರೀ, ತಪಸ್ಸು ಮಾತ್ರ ನಮಗೆ."

ಮಗ ನನಗೊಂದು ದಾರಿ ತೋರಿಸಿದ. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ದಿನದವರೆಗೆ ಲೆಕ್ಕ ಹಾಕಿದರೆ 46 ದಿನ ಬರುತ್ತದೆ. ತಪಸ್ಸು 40 ದಿನ. ನಡುವಿನ ಆರು ಭಾನುವಾರ ಲೆಕ್ಕಕ್ಕಿಲ್ಲ, ಅದು ಪ್ರಭುವಿನ ದಿನ. ಹಾಗಾಗಿ ಭಾನುವಾರ ಕಾಫಿ ಕುಡಿಯಬಹುದು. ಗಣಿತದಲ್ಲಿ 42 ತೆಗೆದ ಹುಡುಗ ಇಂಥ ಲೆಕ್ಕ ಮಾತ್ರ ಚೆನ್ನಾಗಿ ಮಾಡುತ್ತಾನೆ. ನಾನು ಸಂತೋಷದಿಂದ ಒಪ್ಪಿದೆ. "ಆಗಲಿ, ಭಾನುವಾರ ನಾನೂ ಅಡುಗೆ ಲೆಕ್ಕಕ್ಕಿಡಲ್ಲ" ಎಂದು ಒಳಗಿನಿಂದ ಹೆಂಡತಿಯ ದನಿ ಬಂತು. ಚರ್ಚೆ ಅಲ್ಲಿಗೇ ಮುಗಿಯಿತು.

ನಿಯಮದ ಮಾತು ಬಂದರೆ ನಮ್ಮಮ್ಮನ ಮುಂದೆ ನಾನು ಏನೇನೂ ಅಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಕಡ್ಡಾಯ ಇರುವುದು 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಒಂದು ಹೊಟ್ಟೆ ತುಂಬ ಊಟ, ಬೇಕಾದರೆ ಎರಡು ಸಲ ಸ್ವಲ್ಪ ಸ್ವಲ್ಪ ತಿನ್ನಬಹುದು. ಅಮ್ಮನಿಗೆ 78. ಫಾದರೇ ಬಂದು, ನಿಮಗೆ ಬೇಡಮ್ಮ, ಮಾತ್ರೆ ತಗೊಳ್ಳೋರು ಅಂತ ಹೇಳಿ ಹೋಗಿದ್ದಾರೆ. ಅವರು ಹೋದ ಮೇಲೆ ಅಮ್ಮ, "ಚಿಕ್ಕ ವಯಸ್ಸು, ಪಾಪ, ಅವರಿಗೇನು ಗೊತ್ತು" ಎಂದು ಗಂಜಿ ಕುಡಿದು ದಿನ ಕಳೆಯುತ್ತಾರೆ. ನಾನೋ, ಐವತ್ತೊಂದು ವರ್ಷದ ಗಟ್ಟಿ ಆಳು, ಹನ್ನೊಂದು ಗಂಟೆಯಿಂದಲೇ ಗಡಿಯಾರ ನೋಡುತ್ತೇನೆ. ಆದರೆ ಅಮ್ಮ ಕಾಫಿ ಮಾತ್ರ ಯಾವತ್ತೂ ಬಿಟ್ಟವರಲ್ಲ. ಕಾಫಿ ಔಷಧಿ, ಅದು ಬೇರೆ ಖಾತೆ. ಹೀಗಾಗಿ ಇಡೀ ತಪಸ್ಸುಕಾಲ ನಮ್ಮ ಮನೆಯಲ್ಲಿ ಬೆಳಿಗ್ಗೆ ಆರಕ್ಕೆ ಫಿಲ್ಟರಿನಿಂದ ಡಿಕಾಕ್ಷನ್ ತೊಟ್ಟಿಕ್ಕುತ್ತಲೇ ಇತ್ತು. ಮರುಭೂಮಿಯಲ್ಲಿ ಸೈತಾನ ಯೇಸುವಿಗೆ ಕಲ್ಲನ್ನು ರೊಟ್ಟಿ ಮಾಡು ಎಂದು ಹೇಳಿದ, ಅಷ್ಟೇ. ಚಿಕೋರಿ ಬೆರೆಸಿದ ಡಿಕಾಕ್ಷನ್ ಘಮವನ್ನು ಗೋಡೆ ಆಚೆಯಿಂದ ಬಿಟ್ಟಿರಲಿಲ್ಲ.

ಕಾಫಿಯ ಪರವಾಗಿ ನನ್ನ ಹತ್ತಿರ ಒಂದು ಸಾಕ್ಷಿಯೂ ಇತ್ತು. ಸುಮಾರು 1600ರಲ್ಲಿ, ಇದು ಸೈತಾನನ ಪಾನೀಯ, ನಿಷೇಧಿಸಿ ಎಂದು ಕೆಲವರು ಪೋಪ್ 8ನೇ ಕ್ಲೆಮೆಂಟ್ ಅವರಲ್ಲಿ ದೂರು ಕೊಟ್ಟರಂತೆ. ಪೋಪರು ಒಂದು ಗುಟುಕು ಕುಡಿದು, ಇಷ್ಟು ರುಚಿಯಾದದ್ದನ್ನು ಸೈತಾನನಿಗೆ ಯಾಕೆ ಬಿಡಬೇಕು ಅಂದರಂತೆ. ದಂತಕಥೆಯೇ ಇರಬಹುದು. ಮನೆಯಲ್ಲಿ ಅದನ್ನು ನಾಲ್ಕು ಸಲ ಹೇಳಿದೆ. ನಾಲ್ಕನೇ ಸಲ ಮಗಳು, "ಅವರು ಆಗ ತಪಸ್ಸುಕಾಲದಲ್ಲಿ ಕುಡಿದ್ರಾ?" ಅಂತ ಕೇಳಿದಳು. ಧರ್ಮೋಪದೇಶ ಕಲಿತು ಹೊಸದಾಗಿ ಪರಮಪ್ರಸಾದ ಸ್ವೀಕರಿಸಿದ ಮಕ್ಕಳ ಜೊತೆ ವಾದಕ್ಕೆ ಇಳಿಯಬಾರದು. ಅವರಿಗೆ ಎಲ್ಲ ಪಾಠ ಬಾಯಿಗೆ ಬರುತ್ತಿರುತ್ತದೆ.

ಹೀಗೇ ಹಲ್ಲು ಕಚ್ಚಿ ಐದು ವಾರ ಕಳೆದೆ. ಶುಕ್ರವಾರಗಳಂದು, ಯೇಸು ಶಿಲುಬೆ ಹೊತ್ತ ದಾರಿಯನ್ನು ನೆನೆಯುವ ಶಿಲುಬೆ ಹಾದಿಯ 14 ಸ್ಥಳಗಳಲ್ಲೂ ಮಂಡಿಯೂರಿದೆ. ಮಂಡಿ ಟಕ್ ಅನ್ನುವುದು ಮುಂದಿನ ಬೆಂಚಿಗೂ ಕೇಳಿಸುತ್ತಿತ್ತು. ಆಮೇಲೆ ಗರಿಗಳ ಭಾನುವಾರ ಪೂಜೆ ಮುಗಿಸಿ ಹೊರಬರುವಾಗ ಫಾದರ್ ನನ್ನ ಭುಜದ ಮೇಲೆ ಕೈ ಹಾಕಿದರು. ಯೇಸು ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಗುರುವಾರ ಪಾದ ತೊಳೆಯುವ ವಿಧಿಗೆ ಹನ್ನೆರಡು ಜನ ಬೇಕು, ನಿಮ್ಮ ಏರಿಯಾದಿಂದ ನೀವೇ ಅಂದರು.

ಮನೆಗೆ ಬಂದು ಜಂಬದಿಂದ ಹೇಳಿಕೊಂಡೆ. ಹೆಂಡತಿ ನನ್ನ ಮುಖ ನೋಡಲಿಲ್ಲ. ಕಾಲು ನೋಡಿದಳು.

"ಹೆಂಗಸರ ಕಾಲೂ ತೊಳೀಬಹುದು ಅಂತ 2016ರಲ್ಲೇ ಪೋಪ್ ಫ್ರಾನ್ಸಿಸ್ ಹೇಳಿದ್ದಾರಲ್ಲ. ನನ್ನ ಕೇಳಿದ್ರೆ ಏನಾಗ್ತಿತ್ತು? ಆ ಹಿಮ್ಮಡಿ ನೋಡಿ, ಕೆಆರ್‌ಎಸ್ ಖಾಲಿಯಾದಾಗ ಟೀವೀಲಿ ತೋರಿಸ್ತಾರಲ್ಲ, ಹಂಗಿದೆ."

ಅಂದಿನಿಂದ ಮೂರು ಸಂಜೆ ಬಚ್ಚಲಲ್ಲಿ ನನ್ನ ಬಲಗಾಲಿನ ಜೀರ್ಣೋದ್ಧಾರ ನಡೆಯಿತು. ಬಿಸಿನೀರು, ಉಪ್ಪು, ಕಾಲು ಉಜ್ಜುವ ಕಲ್ಲು, ಕೊನೆಗೆ ಕೊಬ್ಬರಿ ಎಣ್ಣೆ. ಬಲಗಾಲು ಮಾತ್ರ. ನಮ್ಮ ಚರ್ಚಿನಲ್ಲಿ ತೊಳೆಯುವುದು ಅದೊಂದನ್ನೇ. ಎಡಗಾಲಿಗೆ ಸುಮ್ನೆ ಯಾಕೆ ಎಣ್ಣೆ ದಂಡ ಎಂದು ಅದನ್ನು ಹಾಗೇ ಬಿಟ್ಟಳು. ಉಜ್ಜುತ್ತಾ ಉಜ್ಜುತ್ತಾ, "ಪೇತ್ರ ನನ್ನ ಕಾಲು ತೊಳೀಲೇಬೇಡಿ ಅಂತ ಯೇಸುವಿಗೆ ಹೇಳಿದ್ದು ಯಾಕೆ ಅಂತ ಈಗ ಅರ್ಥವಾಯ್ತು. ಮೀನು ಹಿಡಿಯೋ ಮನುಷ್ಯ, ಅವನದ್ದೂ ಹೀಗೇ ಇದ್ದಿರಬೇಕು" ಅಂದಳು. ಮಗ ಬಾಗಿಲಲ್ಲಿ ನಿಂತು, ತೊಳೆಯೋಕೆ ಅಂತಲೇ ಹೋಗುವ ಕಾಲನ್ನು ಮೊದಲೇ ಇಷ್ಟು ತೊಳೆದರೆ ಫಾದರ್ ಏನು ತೊಳೀಬೇಕು ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಉತ್ತರವಾಗಿ ಅವನ ಮೇಲೆ ನೀರು ಬಿತ್ತು. ಒರೆಸಿಕೊಳ್ಳುತ್ತಾ ಇನ್ನೊಂದು ಕೇಳಿದ. "ಅಪ್ಪ, ನಿಮ್ಮದು ಎಷ್ಟನೇ ಕುರ್ಚಿ?"

ಹನ್ನೆರಡನೆಯದು ಅಂದೆ.

"ಹನ್ನೆರಡನೆಯವನು ಯೇಸುವಿಗೆ ದ್ರೋಹ ಮಾಡಿದ ಯೂದ ಅಲ್ವಾ?"

ಬುಧವಾರ ರಾತ್ರಿ ನಿದ್ದೆ ಬರಲಿಲ್ಲ. 43 ದಿನ ಕಾಫಿ ಇಲ್ಲದೆ ಕಳೆದಿದ್ದೆ, ಇನ್ನು ಮೂರೇ ದಿನ. ಗೆಲುವು ಹತ್ತಿರ ಬಂದಾಗಲೇ ಮನುಷ್ಯ ಸಡಿಲವಾಗುವುದು. ಫಿಲ್ಟರಿನ ಕೆಳಗಿನ ಡಬ್ಬಿಯಲ್ಲಿ ಡಿಕಾಕ್ಷನ್ ಉಳಿದಿದೆ ಎಂದು ನನಗೆ ಗೊತ್ತಿತ್ತು. ಫ್ರಿಜ್ಜಿನಲ್ಲಿ ಹಾಲಿತ್ತು. ಒಂದು ಗಂಟೆಗೆ ಎದ್ದೆ. ಅಡುಗೆಮನೆಯ ಲೈಟ್ ಹಾಕಿದರೆ ಬೆಳಕು ನೇರ ಹಾಲ್‌ನಲ್ಲಿ ಮಲಗಿದ ಅಮ್ಮನ ಮುಖದ ಮೇಲೆ ಬೀಳುತ್ತದೆ. ಕತ್ತಲಲ್ಲೇ ಗೋಡೆ ಸವರಿಕೊಂಡು ಹೋದೆ. ಸ್ಟವ್ ಹಚ್ಚಿ ಸಣ್ಣಗೆ ಇಟ್ಟು ಡಿಕಾಕ್ಷನ್ ಬಿಸಿ ಮಾಡಿದೆ. ಆ ಘಮಕ್ಕೆ ಕಣ್ಣು ತುಂಬಿ ಬಂತು. ಹಾಲು ತೆಗೆಯಲು ಫ್ರಿಜ್ಜಿನ ಕಡೆ ತಿರುಗಿ ದೊಡ್ಡ ಹೆಜ್ಜೆ ಇಟ್ಟೆ.

ಸಂಜೆ ಗ್ಯಾಸಿನವನು ಬಂದು ಹೋಗುತ್ತಾನೆ ಎಂದು ಖಾಲಿ ಸಿಲಿಂಡರನ್ನು ಹೆಂಡತಿ ದಾರಿಗೆ ಎಳೆದಿಟ್ಟಿದ್ದಳು. ಅವನು ಬಂದಿರಲಿಲ್ಲ.

ಠಣ್!

ಪವಿತ್ರ ಗುರುವಾರದ ಪೂಜೆಯಲ್ಲಿ 'ಮಹಿಮೆ' ಗೀತೆಗೆ ಬಾರಿಸಿದ ಮೇಲೆ ಚರ್ಚಿನ ಗಂಟೆಗಳು ಶನಿವಾರ ರಾತ್ರಿಯವರೆಗೆ ಬಾಯಿ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಮೊದಲೇ ಒಂದು ಸಲ ಬಾರಿಸಿದಂತಾಯಿತು. ಮೂರು ಸಂಜೆ ಎಣ್ಣೆ ಕುಡಿದ ಬಲಗಾಲಿನ ಹೆಬ್ಬೆರಳು. ನಾನು ಕೂಗಲಿಲ್ಲ. ಒಂದೇ ಕಾಲಲ್ಲಿ ಕುಣಿದೆ, ಅಷ್ಟೇ. ಮೊದಲು ಬಂದವಳು ಮಗಳು.

"ಅಪ್ಪ, ಕಳ್ಳ ಬಂದ್ನಾ?"

"ಇಲ್ಲ ಮಗಳೇ, ನೀರು ಕುಡಿಯೋಕೆ ಬಂದೆ."

ಅವಳು ಮೂಗು ಅರಳಿಸಿದಳು. "ಕಾನಾ ಊರಿನ ಮದುವೆಯಲ್ಲಿ ನೀರು ದ್ರಾಕ್ಷಾರಸ ಆಯ್ತು. ನಮ್ಮನೇಲಿ ಕಾಫಿ ಆಗಿದೆ."

ಮಗ ಬಂದು ಕಾಫಿನಾ ಅಂದ. ಇಲ್ಲ ಎಂದೆ. ಹೆಂಡತಿ ಬಂದು ಕಾಫಿನಾ ಅಂದಳು. ಇಲ್ಲವೇ ಇಲ್ಲ ಎಂದೆ. ಮಗಳ ಲೆಕ್ಕವೂ ಸೇರಿ, ಕೋಳಿ ಕೂಗುವ ಮುಂಚೆ ಪೇತ್ರ ಯೇಸುವನ್ನು ಅಲ್ಲಗಳೆದಂತೆ, ಮೂರು ಸಲ ಆಯಿತು. ಕೋಳಿ ಕೂಗಲಿಲ್ಲ, ಮೈಸೂರಲ್ಲಿ ಈಗ ಎಲ್ಲಿಯ ಕೋಳಿ. ಹಾಲ್‌ನ ಕತ್ತಲೆಯಿಂದ ಅಮ್ಮನ ದನಿ ಬಂತು. "ಬೆಳಿಗ್ಗೆ ನನಗೆ ಡಿಕಾಕ್ಷನ್ ಸ್ವಲ್ಪ ಉಳಿಸಪ್ಪ."

ಒಲೆಯ ಮೇಲಿದ್ದದ್ದು ಅಷ್ಟರಲ್ಲಿ ಉಕ್ಕಿ ಚೆಲ್ಲಿತ್ತು. ಒಂದು ಗುಟುಕೂ ದಕ್ಕಲಿಲ್ಲ.

ಬೆಳಿಗ್ಗೆ ಹೆಬ್ಬೆರಳು ನೇರಳೆ ಹಣ್ಣಿನಂತಾಗಿತ್ತು. ಡಾಕ್ಟರ್ ದಪ್ಪ ಬ್ಯಾಂಡೇಜ್ ಸುತ್ತಿ, ನೀರು ತಾಗಿಸಬೇಡಿ ಅಂದರು. ಬೇರೆಯವರನ್ನು ಕಳಿಸೋಣ ಎಂದರೆ ಹೊತ್ತು ಮೀರಿತ್ತು. ಆ ಸಂಜೆ ಬಲಗಾಲಿಗೆ ಹವಾಯಿ ಚಪ್ಪಲಿ, ಎಡಗಾಲಿಗೆ ಶೂ ಹಾಕಿಕೊಂಡು ಹನ್ನೆರಡನೆಯ ಕುರ್ಚಿಯಲ್ಲಿ ಕುಳಿತೆ. ಪಕ್ಕದಲ್ಲಿ ಹನ್ನೊಂದು ಬಲಗಾಲುಗಳು ಹೊಳೆಯುತ್ತಿದ್ದವು. ಎಲ್ಲರ ಮನೆಯಲ್ಲೂ ಕಲ್ಲು ಓಡಾಡಿದೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ಒಬ್ಬರ ಕಾಲಿಂದ ಪೌಡರ್ ವಾಸನೆ ಬರುತ್ತಿತ್ತು.

ಫಾದರ್ ಮೇಲಂಗಿ ತೆಗೆದು, ಸೊಂಟಕ್ಕೆ ಟವೆಲ್ ಕಟ್ಟಿಕೊಂಡು, ಒಬ್ಬೊಬ್ಬರ ಮುಂದೆಯೂ ಮಂಡಿಯೂರುತ್ತಾ ಬಂದರು. ನೀರಿನ ಹೂಜಿ ಹಿಡಿದ ಪೀಠಸೇವಕಿ ಯಾರೆಂದರೆ, ನನ್ನ ಮಗಳೇ. ನನ್ನ ಮುಂದೆ ಬಂದಾಗ ಫಾದರ್ ಅಭ್ಯಾಸದಂತೆ ಬಲಗಾಲಿಗೆ ಕೈ ಹಾಕಿ, ಬ್ಯಾಂಡೇಜ್ ನೋಡಿ ತಲೆ ಎತ್ತಿದರು. ನಾನು ಶೂ ಕಳಚಿ ಎಡಗಾಲು ಚಾಚಿದೆ. ಎಣ್ಣೆ ಕಾಣದ, ಕಲ್ಲು ಕಾಣದ, ಕೆಆರ್‌ಎಸ್ ತಳದಂಥ ಕಾಲು. ನಾಲ್ಕನೇ ಬೆಂಚಿನಲ್ಲಿ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನೋಡಿದವರು ಭಕ್ತಿ ಅಂದುಕೊಂಡರು.

"ಏನಾಯ್ತು?" ಎಂದು ಫಾದರ್ ಮೆಲ್ಲಗೆ ಕೇಳಿದರು. ನಾನು ಬಾಯಿ ತೆಗೆಯುವ ಮೊದಲೇ ಮಗಳು ನೀರು ಸುರಿಯುತ್ತಾ ಹೇಳಿದಳು. "ರಾತ್ರಿ ಕದ್ದು ಕಾಫಿ ಕುಡಿಯೋಕೆ ಹೋಗಿ ಸಿಲಿಂಡರ್‌ಗೆ ಒದ್ದುಬಿಟ್ರು ಫಾದರ್."

ಗಾಯಕರು ಜೋರಾಗಿ ಹಾಡುತ್ತಿದ್ದರು, ಜನಕ್ಕೆ ಕೇಳಿಸಲಿಲ್ಲ. ಪಕ್ಕದ ಹನ್ನೊಂದು ಮಂದಿಗೆ ಕೇಳಿಸಿತು. ಅಂದೂ ಯೇಸುವಿನ ಸುದ್ದಿಯನ್ನು ಲೋಕಕ್ಕೆಲ್ಲ ಮುಟ್ಟಿಸಲು ಹೊರಟವರು, ಯೂದನನ್ನು ಬಿಟ್ಟು, ಹನ್ನೊಂದೇ ಮಂದಿ ಅಲ್ವಾ.

ಫಾದರ್ ತುಟಿ ಬಿಗಿ ಹಿಡಿದಿದ್ದರೂ ಅವರ ಭುಜ ಕುಲುಕುತ್ತಿತ್ತು. ಎಡಗಾಲನ್ನು ಮಾತ್ರ ಬೇರೆಯವರಿಗಿಂತ ಜಾಸ್ತಿ ಹೊತ್ತು ತೊಳೆದರು. ಬಿರುಕಿನ ನಡುವೆ ಬೆರಳಿಟ್ಟು ಒರೆಸಿದರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಬೋಗುಣಿಯ ನೀರನ್ನೇ ನೋಡುತ್ತಾ ಕುಳಿತೆ.

ಶನಿವಾರ ರಾತ್ರಿಯ ಜಾಗರಣೆ ಪೂಜೆ ಮುಗಿದು ಚರ್ಚಿನ ಅಂಗಳಕ್ಕೆ ಬಂದರೆ ಕೇಕು, ಕಾಫಿ. ಹನ್ನೊಂದು ಪ್ರೇಷಿತರು ತಮ್ಮ ಕೆಲಸ ಮಾಡಿ ಮುಗಿಸಿದ್ದರು. "ಸಾರ್, ಲೈಟ್ ಇದೆ, ಧೈರ್ಯವಾಗಿ ಕುಡೀರಿ" ಅಂತ ಒಬ್ಬರು. "ಬೆರಳು ಹೇಗಿದೆ?" ಅಂತ ಇನ್ನೊಬ್ಬರು, ಜೊತೆಗೆ ಒಂದು ಲೋಟ. ಕೊಟ್ಟದ್ದನ್ನು ಬೇಡ ಅನ್ನಬಾರದಲ್ಲ. ನಾಲ್ಕು ಲೋಟ ಕುಡಿದೆ.

ಮನೆಗೆ ಬಂದು ಮಲಗಿದರೆ ನಿದ್ದೆ ಎಲ್ಲಿಂದ ಬರಬೇಕು. ಮೂರು ಗಂಟೆಗೆ ನೀರು ಕುಡಿಯಲು, ಈ ಸಲ ನಿಜವಾಗಿಯೂ ನೀರು ಕುಡಿಯಲು, ಅಡುಗೆಮನೆಗೆ ಹೋದೆ. ಯಾರೋ ಲೈಟ್ ಆರಿಸದೆ ಬಿಟ್ಟಿದ್ದರು. ಗ್ಯಾಸಿನವನು ಇನ್ನೂ ಬಂದಿರಲಿಲ್ಲ. ಖಾಲಿ ಸಿಲಿಂಡರ್ ಅಲ್ಲೇ ನಿಂತಿತ್ತು. ಅದರ ಬುಡಕ್ಕೆ ಹಳೆಯ ಟವೆಲೊಂದನ್ನು ಎರಡು ಸುತ್ತು ಸುತ್ತಿ, ಬಿಚ್ಚಿಕೊಳ್ಳದಂತೆ ಗಟ್ಟಿಯಾಗಿ ಗಂಟು ಹಾಕಿತ್ತು.