ಕಳಿಸಿದವನ ಹೆಸರು ಬಿಡಿ, ಹೆಡರ್ ನೋಡಿ

ಸ್ಪ್ಯಾಮ್, ಅಂದರೆ ಕೇಳದೇ ಬರುವ ಕಸದ ಮೇಲ್, ಬಂದ ತಕ್ಷಣ ಸಿಟ್ಟಿಗೆದ್ದು ಬೈದು ರಿಪ್ಲೈ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಆ ಬೈಗುಳ ಏನೂ ಗೊತ್ತಿಲ್ಲದ ಯಾರೋ ಪಾಪದವರ ಇನ್‌ಬಾಕ್ಸಿಗೆ ಹೋಗಿ ಬೀಳಬಹುದು. 'ಫ್ರಮ್' ಜಾಗದಲ್ಲಿ ಯಾರ ವಿಳಾಸ ಬೇಕಾದರೂ ಬರೆಯಬಹುದು, ಅಷ್ಟೇ. ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳು ಬಂದಿದ್ದು 1982ರಲ್ಲಿ. ಕಳಿಸಿದವನು ನಿಜಕ್ಕೂ ಅವನೇನಾ ಅಂತ ವಿಚಾರಿಸುವ ಏರ್ಪಾಡೇ ಅದರಲ್ಲಿರಲಿಲ್ಲ. ಮಜಾ ಅಂದರೆ, ಅಷ್ಟರಲ್ಲಾಗಲೇ ಸ್ಪ್ಯಾಮ್ ಹುಟ್ಟಿತ್ತು! 1978ರಲ್ಲೇ ಗ್ಯಾರಿ ಥರ್ಕ್ ಎಂಬಾತ ಇಂಟರ್ನೆಟ್‌ಗಿಂತ ಮುಂಚಿನ ನೆಟ್‌ವರ್ಕ್ ಆದ ಅರ್ಪಾನೆಟ್‌ನಲ್ಲಿ ಸುಮಾರು 400 ಜನಕ್ಕೆ ಕಂಪ್ಯೂಟರ್ ಜಾಹೀರಾತು ಕಳಿಸಿ ಚೆನ್ನಾಗಿ ಬೈಸಿಕೊಂಡಿದ್ದ.

ಹಾಗಾದರೆ ಮೂಲ ಹುಡುಕುವುದು ಎಲ್ಲಿ? ಹೆಡರ್‌ನಲ್ಲಿ, ಅಂದರೆ ಮೇಲ್ ಜೊತೆಗೇ ಬರುವ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ವಿವರಗಳಲ್ಲಿ. ಜಿಮೇಲ್‌ನಲ್ಲಾದರೆ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ತೆರೆಯಿರಿ. 'ರಿಸೀವ್ಡ್' ಅಂತ ಶುರುವಾಗುವ ಸಾಲುಗಳು ಕಾಣುತ್ತವೆ. ಮೇಲ್ ದಾಟಿ ಬಂದ ಪ್ರತಿ ಸರ್ವರ್ ತನ್ನ ಸಾಲನ್ನು ಮೇಲ್ಗಡೆ ಸೇರಿಸುತ್ತಾ ಹೋಗುತ್ತದೆ. ಎಲ್ಲಕ್ಕಿಂತ ಕೆಳಗಿನದೇ ಮೂಲ ಅಂತ ಎಷ್ಟೋ ಜನ ಹೇಳಿಕೊಡುತ್ತಾರೆ. ನಾನು ಒಪ್ಪುವುದಿಲ್ಲ. ಕೆಳಗಿನ ಸಾಲುಗಳನ್ನು ಸ್ಪ್ಯಾಮರ್ ತಾನೇ ಬರೆದು ಕಳಿಸಿರಬಹುದಲ್ವಾ? ಧೈರ್ಯವಾಗಿ ನಂಬಬಹುದಾದ್ದು ನಿಮ್ಮದೇ ಮೇಲ್ ಸರ್ವರ್ ಬರೆದ ಸಾಲು. ಅದರಲ್ಲೂ 'ಫ್ರಮ್' ಪಕ್ಕದ ಹೆಸರು ಎದುರಿನವನು ಹೇಳಿಕೊಂಡಿದ್ದು. ಚೌಕ ಕಂಸದೊಳಗಿನ ಐಪಿ ಸಂಖ್ಯೆ (ನೆಟ್‌ನಲ್ಲಿ ಆ ಕಂಪ್ಯೂಟರಿನ ವಿಳಾಸ) ಮಾತ್ರ ಸರ್ವರ್ ತಾನೇ ಕಂಡದ್ದು. ನಮಗೆ ಬೇಕಾದ್ದು ಅದೇ.

ಆ ಸಂಖ್ಯೆಯನ್ನು 'ಹೂ ಈಸ್' (WHOIS) ಹುಡುಕಾಟಕ್ಕೆ ಹಾಕಿದರೆ ನೆಟ್‌ವರ್ಕ್ ಯಾರದು, ದೂರು ಕೊಡುವ 'ಅಬ್ಯೂಸ್' ವಿಳಾಸ ಯಾವುದು ಅಂತ ಸಾಮಾನ್ಯವಾಗಿ ಸಿಗುತ್ತದೆ. ದೂರಿನಲ್ಲಿ ಪೂರ್ತಿ ಹೆಡರ್ ಇರಲೇಬೇಕು. ಸುಮ್ನೆ ಫಾರ್ವರ್ಡ್ ಮಾಡಿದರೆ ಮೂಲ ಹೆಡರ್ ಹೋಗಿಬಿಡುತ್ತದೆ. ಇಡೀ ಮೇಲನ್ನೇ ಅಟ್ಯಾಚ್ ಮಾಡಿ. ಭಾಷೆ ಮೆತ್ತಗಿರಲಿ. ಎಷ್ಟೋ ಸಲ ಆ ಐಪಿ ಹಿಂದಿರುವುದು ಹ್ಯಾಕ್ ಆದ ಯಾರದೋ ಕಂಪ್ಯೂಟರ್, ಅವರಿಗೇ ಅದು ಗೊತ್ತಿರುವುದಿಲ್ಲ. ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನುವವರು ಕಡೇಪಕ್ಷ ಸ್ಪ್ಯಾಮ್ ಬಟನ್ ಒತ್ತಿ. ಡಿಲೀಟ್ ಮಾಡಿದರೆ ಫಿಲ್ಟರ್ ಏನೂ ಕಲಿಯುವುದಿಲ್ಲ.

ಹಾಂ, ಗುರುತಿಲ್ಲದ ಮೇಲ್‌ನೊಳಗಿನ 'ಅನ್‌ಸಬ್‌ಸ್ಕ್ರೈಬ್' ಲಿಂಕ್ ಮುಟ್ಟಬೇಡಿ. ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ನೀವೇ ಹೇಳಿದ ಹಾಗಾಗುತ್ತದೆ. ನೀವೇ ಹೆಸರು ಕೊಟ್ಟು ಮರೆತ ನ್ಯೂಸ್‌ಲೆಟರ್ ಆದರೆ ಆ ಮಾತು ಬೇರೆ. ಅದಕ್ಕೆ ಅನ್‌ಸಬ್‌ಸ್ಕ್ರೈಬ್ ಮಾಡುವುದೇ ಮರ್ಯಾದೆ, ದೂರು ಕೊಡುವುದಲ್ಲ.

ದೂರಿಗೆ ಉತ್ತರವಾಗಿ ಬರೀ ಆಟೋ ರಿಪ್ಲೈ ಬಂದರೆ ಬೇಜಾರಾಗಬೇಡಿ. ಕೆಲವು ನೆಟ್‌ವರ್ಕ್ ಕಂಪನಿಗಳು ಕಿವಿಗೇ ಹಾಕಿಕೊಳ್ಳುವುದಿಲ್ಲ, ನಿಜ. ಆದರೆ ಒಂದೇ ಐಪಿ ಮೇಲೆ ದೂರು ಜಾಸ್ತಿ ಆದರೆ ಅದು ಬ್ಲಾಕ್‌ಲಿಸ್ಟ್, ಅಂದರೆ ಮೇಲ್ ತಗೊಳ್ಳಬಾರದ ಐಪಿಗಳ ಪಟ್ಟಿ, ಸೇರುವ ಸಾಧ್ಯತೆ ಇದೆ. ಆಗ ಆ ಕಂಪನಿಯ ದುಡ್ಡು ಕೊಡುವ ಗ್ರಾಹಕರ ಮೇಲ್‌ಗಳೂ ವಾಪಸ್ ಬರತೊಡಗುತ್ತವೆ. ಆಗ ಅವರೇ ಎದ್ದು ಕೂರುತ್ತಾರೆ.