ಹಿಂದಿನ ಸಾಲಿನವರ ಶ್ರುತಿ

ಬಿ.ಎಡ್. ಇಂಟರ್ನ್‌ಶಿಪ್ ಮುಗಿದು ಹದಿನೈದು ದಿನಗಳಾದವು. ಉಡುಪಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಪ್ರೌಢಶಾಲೆ. ನನ್ನ ಬೋಧನಾ ವಿಷಯಗಳು ಕನ್ನಡ ಮತ್ತು ಸಮಾಜ ವಿಜ್ಞಾನ. ಕರ್ನಾಟಕ ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿದ್ದೇನೆ ಎಂದು ಗೊತ್ತಾದದ್ದೇ ತಡ, ಮುಖ್ಯ ಶಿಕ್ಷಕರು ಒಂಬತ್ತನೆಯ ತರಗತಿಯ ವಾರದ ಎರಡು ಪೀರಿಯಡ್‌ಗಳನ್ನು ನನಗೆ ಒಪ್ಪಿಸಿದರು. "ಆಗಸ್ಟ್ 15ಕ್ಕೆ ಒಂದು ಒಳ್ಳೆಯ ತಂಡ ಆಗಬೇಕು ಮೇಡಂ. ಚೆನ್ನಾಗಿ ಹಾಡುವ ಎಂಟು ಮಂದಿಯನ್ನು ಆರಿಸಿಕೊಳ್ಳಿ" ಎಂದರು.

ಆರಿಸಿದೆ. ಹತ್ತು ನಿಮಿಷ ಸಾಕಾಯಿತು. ತರಗತಿಯಲ್ಲಿ ಇದ್ದವರು 39 ಮಕ್ಕಳು. ಉಳಿದ 31 ಮಂದಿ ಯಾವ ಬೇಸರವೂ ಇಲ್ಲದೆ ಪುಸ್ತಕ ತೆರೆದು ಕುಳಿತರು. ತಮ್ಮನ್ನು ಆರಿಸುವುದಿಲ್ಲ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅದೇ ನನ್ನನ್ನು ಚುಚ್ಚಿತು. ಶಾಲೆಯಲ್ಲಿ ಓದುವಾಗ ನಾನು ಯಾವಾಗಲೂ ಆ ಎಂಟು ಮಂದಿಯಲ್ಲಿ ಒಬ್ಬಳು. ಹಿಂದೆ ಕುಳಿತವರು ಏನು ಮಾಡುತ್ತಾರೆಂದು ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಮುಂದಿನ ವಾರ ಎಲ್ಲರಿಂದಲೂ ಹಾಡಿಸಲು ಹೊರಟೆ. ಹೊರಗೆ ಆಟಿಯ ಮಳೆ, ಹಂಚಿನ ಮಾಡಿನ ಮೇಲೆ ಅದರ ಸದ್ದು. ಗಂಟಲು ಬಿಟ್ಟು ಹಾಡಿದರೂ ಪಕ್ಕದ ತರಗತಿಗೆ ತೊಂದರೆಯಿಲ್ಲ. ಹುಡುಗಿಯರು ಹಾಡಿದರು. ಹುಡುಗರಲ್ಲಿ ಅರ್ಧದಷ್ಟು ಮಂದಿ ಬಾಯಿ ತೆರೆಯಲಿಲ್ಲ, ಉಳಿದವರು ಗೊಗ್ಗರು ದನಿಯಲ್ಲಿ ಎಲ್ಲೋ ಕೆಳಗೆ ಗುನುಗಿದರು. ಕೊನೆಯ ಬೆಂಚಿನ ಹುಡುಗನೊಬ್ಬನ ಬಳಿ ಹೋಗಿ ಕೇಳಿದೆ. "ನನಗೆ ಸ್ವರ ಇಲ್ಲ ಟೀಚರ್. ತುಟಿ ಮಾತ್ರ ಆಡಿಸಿದರೆ ಸಾಕು ಎಂದು ನಾಲ್ಕನೆಯ ಕ್ಲಾಸಿನಲ್ಲೇ ಹೇಳಿದ್ದಾರೆ" ಎಂದ. ನಮ್ಮ ಕರಾವಳಿಯಲ್ಲಿ ಧ್ವನಿಗೆ ಸ್ವರ ಎಂದೇ ಹೇಳುವುದು. ಆದ್ದರಿಂದ ಆ ಮಾತು ನನಗೆ ಎರಡು ಪಟ್ಟು ನೋಯಿಸಿತು. ಐದು ವರ್ಷ ಆ ಹುಡುಗ ನಾಡಗೀತೆಗೂ ರಾಷ್ಟ್ರಗೀತೆಗೂ ತುಟಿ ಮಾತ್ರ ಆಡಿಸುತ್ತ ನಿಂತಿದ್ದಾನೆ.

ಆ ರಾತ್ರಿ ಶ್ರುತಿಯ ಲೆಕ್ಕ ಹಾಕುತ್ತ ಕುಳಿತೆ. ನಾನು ಹಾಡುವುದು ಐದು ಶ್ರುತಿಯಲ್ಲಿ, ಎಂದರೆ ಹಾರ್ಮೋನಿಯಂನ ಐದನೆಯ ಬಿಳಿ ಮನೆಯನ್ನು ಆಧಾರದ ಷಡ್ಜವಾಗಿ (ಸ) ಹಿಡಿದು. ತರಗತಿಗೂ ಅದನ್ನೇ ಹಿಡಿಸಿದ್ದೆ, ಯೋಚನೆಯನ್ನೇ ಮಾಡದೆ. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ತಂತುಗಳು ಉದ್ದವೂ ದಪ್ಪವೂ ಆಗುತ್ತವೆ, ಧ್ವನಿ ಸುಮಾರು ಒಂದು ಸ್ಥಾಯಿಯಷ್ಟು (ಒಂದು 'ಸ'ದಿಂದ ಮುಂದಿನ 'ಸ'ದವರೆಗಿನ ದೂರ) ಇಳಿಯುತ್ತದೆ. ಇಳಿಯುವ ಆ ತಿಂಗಳುಗಳಲ್ಲಿ ಹಿಡಿತಕ್ಕೆ ಸಿಗುವ ಸ್ವರಗಳೇ ಕಡಿಮೆ. ನನ್ನ ತಾರ ಷಡ್ಜಕ್ಕೆ, ಎಂದರೆ ಮೇಲಿನ 'ಸ'ಕ್ಕೆ, ಅವರು ಏರಲಾರರು. ಒಂದು ಸ್ಥಾಯಿ ಕೆಳಗೆ ಹಾಡೋಣವೆಂದರೆ ನನ್ನ ಷಡ್ಜ ಅಲ್ಲಿ ಅವರಿಗೆ ಪಾತಾಳ. ಮೇಲೂ ಇಲ್ಲ, ಕೆಳಗೂ ಇಲ್ಲ. ಅಂಥ ಜಾಗದಲ್ಲಿ ನಿಲ್ಲಿಸಿ, ಇವನಿಗೆ ಹಾಡಲು ಬರುವುದಿಲ್ಲ ಎಂದು ನಾನೂ ಬರೆದುಕೊಂಡಿದ್ದೆ.

ಮರುದಿನ ಮೊಬೈಲಿನ ತಂಬೂರವನ್ನು ಒಂದು ಶ್ರುತಿಗೆ ಇಳಿಸಿದೆ. ನನ್ನ ಶುದ್ಧ ಮಧ್ಯಮದ (ಮ) ಜಾಗದಲ್ಲಿ ಈಗ ಷಡ್ಜ. ಹುಡುಗಿಯರು ಅಲ್ಲಿ ಹಾಡಿದರೆ ಹುಡುಗರು ಅದರ ಕೆಳಗಿನ ಸ್ಥಾಯಿಯಲ್ಲಿ. ಮೋಹನ ರಾಗದ ಸ ರಿ ಗ ಪ, ಅಷ್ಟೇ. ಪಂಚಮದಿಂದ ಮೇಲೆ ಹೋಗುವಂತಿಲ್ಲ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. "ಇದು ಬಿಳಿ ಒಂದಲ್ಲವಾ ಟೀಚರ್?" ಎಂದು ಒಬ್ಬ ಕೇಳಿದ. ಅವನ ಮಾವ ಮೇಳದಲ್ಲಿ ಮದ್ದಳೆಗಾರರಂತೆ. ಹಾರ್ಮೋನಿಯಂನ ಮನೆಗಳನ್ನು ಬಿಳಿ, ಕಪ್ಪು ಎಂದು ಎಣಿಸುವ ಯಕ್ಷಗಾನದ ಭಾಷೆ ಅವನ ಬಾಯಲ್ಲಿ ಸಲೀಸಾಗಿ ಬಂತು.

ಮುಂದಿನ ಪೀರಿಯಡ್‌ಗಳಲ್ಲಿ ನಡೆದದ್ದನ್ನು ಹೇಳಲೇಬೇಕು. ಕನ್ನಡ ತರಗತಿಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿಸಿ ಸೋತಿದ್ದೆ. 1, 2, 4, 5ನೆಯ ಸಾಲುಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಗಳು. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ಮೂರು ಬಾರಿ, ಕೊನೆಗೊಂದು ಗುರು. ಮಕ್ಕಳು ಲಘು ಗುರುಗಳನ್ನು ಬೆರಳಿನಲ್ಲಿ ಎಣಿಸುತ್ತಿದ್ದರೇ ಹೊರತು ಪದ್ಯ ಅವರ ಕಿವಿಗೆ ಬೀಳುತ್ತಿರಲಿಲ್ಲ. ಮೂರು ಮತ್ತು ನಾಲ್ಕು ಸೇರಿದರೆ ಏಳು, ತ್ರಿವುಡೆ ತಾಳಕ್ಕೂ ಏಳು. ಸಂಗೀತದ ಪೀರಿಯಡ್‌ನಲ್ಲಿ ಕುಮಾರವ್ಯಾಸನ ಒಂದು ಪದ್ಯವನ್ನು ಬೋರ್ಡಿನಲ್ಲಿ ಬರೆದು, ತಕಿಟ ತಕದಿಮಿ ಎಂದು ಡೆಸ್ಕಿನ ಮೇಲೆ ತಟ್ಟಿಸಿ, ಅದೇ ನಾಲ್ಕು ಸ್ವರಗಳಲ್ಲಿ ಹಾಡಿಸಿದೆ. ಮೂರನೆಯ ಸಾಲಿನ ಕೊನೆಯ ಗುರುವಿನ ಮೇಲೆ ತಾಳ ಕಾಯುವುದನ್ನು ಅವರು ತಾವೇ ಕಂಡುಹಿಡಿದರು. 39 ಮಂದಿಯೂ ಹಾಡಿದರು. ಸ್ವರ ಇಲ್ಲ ಎಂದಿದ್ದ ಹುಡುಗ ಷಡ್ಜವನ್ನೂ ರಿಷಭವನ್ನೂ ಸರಿಯಾಗಿ ಹಿಡಿದ. ಗಾಂಧಾರ ಕೊಂಚ ಇಳಿಯುತ್ತಿತ್ತು, ಕೊನೆಯ ದಿನದವರೆಗೂ ಇಳಿಯಿತು. ಇರಲಿ, ಬಾಯಿ ತೆರೆದಿದ್ದ.

ಪ್ರತಿಭಾ ಕಾರಂಜಿಯ ಬಹುಮಾನಗಳ ಬಗ್ಗೆ ನನಗೆ ಗೌರವವಿದೆ, ನಾನೂ ಪಡೆದವಳು. ಆದರೆ ಶಾಲೆಯ ಸಂಗೀತವೆಂದರೆ ಸ್ಪರ್ಧೆಯ ತಯಾರಿ ಎಂದು ನಾವು ಒಪ್ಪಿಕೊಂಡುಬಿಟ್ಟಿರುವುದನ್ನು ನಾನು ಒಪ್ಪಲಾರೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಎಲ್ಲ ಮಕ್ಕಳಿಗೂ ಇರಬೇಕೆಂದು ಹೇಳಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ, ನೂರಕ್ಕಿಂತ ಹೆಚ್ಚು ಮಕ್ಕಳಿರುವ ಶಾಲೆಯ 6ರಿಂದ 8ನೆಯ ತರಗತಿಗಳಿಗೆ ಕಲಾ ಶಿಕ್ಷಣದ ಅರೆಕಾಲಿಕ ಬೋಧಕರು ಬೇಕು ಎಂದಿದೆ. ಧ್ವನಿ ಒಡೆಯುವುದು ಸರಿಯಾಗಿ ಇದೇ ವಯಸ್ಸಿನಲ್ಲಿ. ಆಗ ಪಕ್ಕದಲ್ಲಿ ನಿಂತು "ಇದು ನಿನ್ನ ತಪ್ಪಲ್ಲ, ಶ್ರುತಿ ಇಳಿಸೋಣ" ಎನ್ನುವ ಒಬ್ಬರು ಬೇಕು. ನನ್ನ ಬಿ.ಎಡ್. ತರಗತಿಗಳಲ್ಲಿ ಮಕ್ಕಳ ಮನಸ್ಸಿನ ಬಗ್ಗೆ ಬಹಳ ಓದಿದೆ, ಅವರ ಗಂಟಲಿನ ಬಗ್ಗೆ ಒಂದು ಸಾಲೂ ಓದಲಿಲ್ಲ.

ಆಗಸ್ಟ್ 15ಕ್ಕೆ ಎಂಟು ಮಂದಿಯೇ ಹಾಡಿದರು, ಚೆನ್ನಾಗಿಯೇ ಹಾಡಿದರು. 39 ಮಂದಿಯನ್ನು ವೇದಿಕೆಗೆ ಹತ್ತಿಸಲು ಜಾಗವಿಲ್ಲ ಎಂದರು. ಇನ್ನಷ್ಟು ಒತ್ತಾಯಿಸಬೇಕಿತ್ತು, ಒತ್ತಾಯಿಸಲಿಲ್ಲ. ನಾನು ಅಲ್ಲಿಂದ ಬಂದ ಮೇಲೆ ಆ ಎರಡು ಪೀರಿಯಡ್‌ಗಳು ಗಣಿತಕ್ಕೆ ಹೋಗಿವೆ ಎಂದು ಕಳೆದ ವಾರ ತಿಳಿಯಿತು.

ಹೊರಡುವ ದಿನ ಅಲ್ಲಿನ ಕನ್ನಡ ಮೇಷ್ಟ್ರ ಬಳಿ ಕೇಳಿಕೊಂಡಿದ್ದೆ: "ಸರ್, ಷಟ್ಪದಿಯನ್ನಾದರೂ ಹಾಡಿಸಿಯೇ ಪಾಠ ಮಾಡಿ." ಅವರು ಹಾಜರಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. "ನನಗೂ ತುಟಿ ಆಡಿಸಲು ಹೇಳಿದ್ದರು ಮೇಡಂ, ಏಳನೆಯ ಕ್ಲಾಸಿನಲ್ಲಿ" ಎಂದರು. ಆಮೇಲೆ, ಆ ತಂಬೂರವನ್ನು ಮೊಬೈಲಿಗೆ ಹಾಕಿಕೊಳ್ಳುವುದು ಹೇಗೆ ಎಂದು ಕೇಳಿದರು.